ಕೆಳಗಿನಿಂದ ಬೆಳಕು ಬೀಳುವ ಬೆಟ್ಟ

ಕೈಲಾಸ ಸ್ಟುಡಿಯೋ, ಚಾಮರಾಜಪೇಟೆ
ಶನಿವಾರ, ೧೪ ಡಿಸೆಂಬರ್ ೨೦೨೪, ಮಧ್ಯಾಹ್ನ

ಮಹಾಜನಗಳೇ!

ಮುಂದಿನ ಚಾಪೆಯ ಮೇಲೆ ಕುಳಿತ ಮಕ್ಕಳೇ, ಹಿಂದಿನ ಬೆಂಚು ಹತ್ತಿ ನಿಂತ ರಸಿಕರೇ, ಕಡಲೆಕಾಯಿ ಸಿಪ್ಪೆಯನ್ನು ಪಕ್ಕದವರ ಕಾಲ ಬುಡಕ್ಕೆ ಹಾಕುತ್ತಿರುವ ಮಹನೀಯರೇ, ತಡವಾಗಿ ಬಂದು ಬಾಗಿಲಿಗೆ ಅಡ್ಡ ನಿಂತವರೇ! ಮೂರನೆಯ ಗಂಟೆ ಹೊಡೆದಾಯಿತು. ಕೆಮ್ಮುವವರು ಈಗಲೇ ಕೆಮ್ಮಿ ಮುಗಿಸಿ. ಈ ದಿನದ ಆಟದಲ್ಲಿ ಒಬ್ಬ ದ್ರೋಹಿ ಇದ್ದಾನೆ, ಒಂದು ಬೆಟ್ಟವಿದೆ, ಮುಖ ತೋರಿಸದ ಒಬ್ಬ ಹೆಂಗಸಿದ್ದಾಳೆ, ಒಂದು ಸೇಡಿದೆ. ಸೇಡು ತೀರುವವರೆಗೆ ಯಾರೂ ಏಳಬಾರದು!

ಕೋಪಿಸಿಕೊಳ್ಳಬೇಡ ಗಿರಿಜಾ. ಹೀಗೆ ಒಂದು ಸಲ ಕೂಗಿಕೊಳ್ಳದೆ ನನ್ನ ಪೆನ್ನು ಓಡುವುದಿಲ್ಲ. ಸಭೆಯಲ್ಲಿ ಇರುವವಳು ನೀನೊಬ್ಬಳೇ ಎಂಬುದು ಗೊತ್ತು. ಎನ್.ಆರ್. ಕಾಲೋನಿಯಲ್ಲಿ ಮಗಳ ಮನೆಯ ಎರಡನೇ ಮಹಡಿಯಲ್ಲಿ ಕುಳಿತು, ಕನ್ನಡಕವನ್ನು ಹಣೆಯ ಮೇಲೆ ಇಟ್ಟುಕೊಂಡೇ ಮನೆಯೆಲ್ಲ ಹುಡುಕಿ, ಕೊನೆಗೆ ಇದನ್ನು ಓದುತ್ತಾ "ಶುರು ಮಾಡಿದ್ರಪ್ಪ ಇವರು" ಎಂದು ಗೊಣಗುತ್ತಿರುತ್ತೀಯ. ಗೊಣಗು. ನಾಟಕ ಕಂಪನಿಯ ಡೇರೆಯಲ್ಲಿ ಹುಟ್ಟಿ, ಹನ್ನೊಂದನೇ ವಯಸ್ಸಿನವರೆಗೆ ಅಲ್ಲೇ ಅನ್ನ ತಿಂದವನು ಅರವತ್ತಮೂರಕ್ಕೆ ಮೆತ್ತಗೆ ಮಾತಾಡು ಎಂದರೆ ಎಲ್ಲಿಂದ ಆಡಲಿ?

ಸೌಭಾಗ್ಯವತಿ ಗಿರಿಜಾಂಬೆಗೆ ನಿನ್ನ ಗಂಡ ವಿಶ್ವಾರಾಧ್ಯನ ಶುಭಾಶಯಗಳು. ನಾನು ಕ್ಷೇಮ. ನೀನು ಈ ಮನೆ ಬಿಟ್ಟು ಒಂದೂವರೆ ವರ್ಷವಾಯಿತು. ಇಲ್ಲಿಂದ ಅಲ್ಲಿಗೆ ನಡೆದರೆ ಮುಕ್ಕಾಲು ಗಂಟೆಯ ದಾರಿ. ಆದರೂ ಕಾಗದ ಬರೆಯುತ್ತಿದ್ದೇನೆ. ಎದುರು ನಿಂತರೆ ನಾನು ನಟಿಸಿಬಿಡುತ್ತೇನೆ; ಬರೆದರೆ ಸ್ವಲ್ಪ ಕಡಿಮೆ.

ವಿಷಯ ಎರಡು. ಮೊದಲನೆಯದು, ತನುಶ್ರೀ ಮದುವೆಯಾದ ವರ್ಷ ನಾವಿಬ್ಬರೂ ಸೇರಿ ಬ್ಯಾಂಕಿನಲ್ಲಿ ಇಟ್ಟ ಠೇವಣಿಯ ಅವಧಿ ಮುಗಿದಿದೆ. ಒಂದು ಲಕ್ಷ ಎಂಬತ್ತು ಸಾವಿರ. ಇಬ್ಬರ ಸಹಿ ಇಲ್ಲದೆ ಕೊಡುವುದಿಲ್ಲ. ಫಾರಂ ಈ ಕಾಗದದ ಜೊತೆಗೇ ಇದೆ. ತೆಗೆದುಕೊಂಡು ಹೋಗಲು ಬಂದಿರುವ ತನುಶ್ರೀ ಈಗ ಎದುರಿಗೇ ಕುಳಿತಿದ್ದಾಳೆ. "ಅಪ್ಪ, ಡೈಲಾಗ್ ಎಲ್ಲ ಬಿಟ್ಟು ಅಮ್ಮ ಎಲ್ಲಿ ಸೈನ್ ಹಾಕ್ಬೇಕು ಅಷ್ಟು ಬರೀರಿ, ನಂಗೆ ಹೊತ್ತಾಗುತ್ತೆ" ಅನ್ನುತ್ತಾಳೆ. ಎರಡನೆಯ ವಿಷಯ ಸೇಡು. ಅದನ್ನು ಅವಳಿಗೆ ಹೇಳಿಲ್ಲ.

ಈಗ ಪರದೆ ಏಳುತ್ತದೆ.

ಸ್ಥಳ: ಮಲ್ಲೇಶ್ವರದ ಒಂದು ಸಭಾಂಗಣ. ಕಾಲ: ಹೋದ ಭಾನುವಾರ ಬೆಳಿಗ್ಗೆ. ಗೋಡೆಯ ತುಂಬಾ ಫೋಟೋಗಳು, ಗೋಡೆಯ ಮುಂದೆಲ್ಲ ಉಸಿರು ಬಿಗಿಹಿಡಿದ ಜನ, ಮೂಲೆಯಲ್ಲಿ ಉಪ್ಪಿಟ್ಟು, ಕಾಫಿ. ನಟ್ಟನಡುವೆ ರೇಷ್ಮೆ ಜುಬ್ಬ ಹಾಕಿಕೊಂಡು, ಕತ್ತಿಗೆ ಉಣ್ಣೆಯ ಮಫ್ಲರ್ ಸುತ್ತಿಕೊಂಡು ನಿಂತವನು ಯಾರು? ವಾದಿರಾಜ! ಇದೇ ಕೈಲಾಸ ಸ್ಟುಡಿಯೋದಲ್ಲಿ ಹದಿನೆಂಟು ವರ್ಷ ನನ್ನ ಪಾಲುದಾರನಾಗಿದ್ದವನು. ನಿನ್ನ ಕೈಯ ಅಕ್ಕಿರೊಟ್ಟಿಯನ್ನು ಎಣಿಸದೆ ತಿಂದವನು. ಒಂದು ದಿನ ಕ್ಯಾಮೆರಾ ಚೀಲ ಹೆಗಲಿಗೆ ಹಾಕಿಕೊಂಡು "ಆರಾಧ್ಯ, ನೀನು ಈ ಪರದೆ ಮುಂದೆನೇ ಹುಟ್ದೆ, ಪರದೆ ಮುಂದೆನೇ ಸಾಯ್ತೀಯ ಗುರು. ನಾನು ಪ್ರಪಂಚ ನೋಡ್ಬೇಕು" ಎಂದು ಎದ್ದು ಹೋದವನು. ಈಗ ಅವನು ಯಾತ್ರಾ ಛಾಯಾಗ್ರಾಹಕ. ಜನರನ್ನು ಗುಂಪು ಕಟ್ಟಿಕೊಂಡು ಹಿಮಾಲಯಕ್ಕೆ ಹೋಗುತ್ತಾನೆ, ಬೆಳಕಿನ ಮೇಲೆ ಭಾಷಣ ಮಾಡುತ್ತಾನೆ. ಈ ವರ್ಷ ಒಂದು ಫೋಟೋ ಕೂಟದವರು ಅವನಿಗೆ ಮೊದಲ ಬಹುಮಾನ ಕೊಟ್ಟಿದ್ದಾರೆ. ಆ ಬಹುಮಾನದ ಫೋಟೋ ನೋಡಲೆಂದೇ ನಾನು ಹೋದದ್ದು. ಹೊಟ್ಟೆಕಿಚ್ಚಿಗೆ ಹೋದೆ ಎಂದು ಬೇಕಾದರೆ ಓದಿಕೋ. ಅದೂ ಸುಳ್ಳಲ್ಲ.

ಫೋಟೋ ಆಳೆತ್ತರ ಇದೆ. ಕೆಳಗೆ 'ಕೇದಾರದ ಹಾದಿ, ಮೇ ೨೦೨೩' ಎಂಬ ಚೀಟಿ. ಒಬ್ಬ ವಯಸ್ಸಾದ ಹೆಂಗಸು ನಮಗೆ ಬೆನ್ನು ಮಾಡಿ, ಕೆಂಪು ಶಾಲು ಹೊದ್ದು ನಿಂತಿದ್ದಾಳೆ. ಅವಳ ಮುಂದೆ ಮಂಜು ಮಂಜಾಗಿ ಒಂದು ಹಿಮದ ಬೆಟ್ಟ. ಬೆಟ್ಟದ ಅಡಿಯಿಂದ ಏರಿದ ಹೊಂಬಣ್ಣದ ಬೆಳಕು. ನೆತ್ತಿಯಿಂದ ನೇರವಾಗಿ ಇಳಿಯುವ ಒಂದು ಜಲಪಾತ, ದಾರದ ಹಾಗೆ.

"ಆ ಬೆಳಕು ನೋಡಿ ಸಾರ್, ಆ ಬೆಳಕು! ಎಲ್ಲಿಂದ ತಂದ್ರಿ?" ಎಂದು ಒಬ್ಬರು ಕೇಳಿದರು.

"ತರೋದಲ್ಲ ಸ್ವಾಮಿ, ಕಾಯೋದು," ಎಂದ ವಾದಿರಾಜ, ಕಣ್ಣು ಅರ್ಧ ಮುಚ್ಚಿಕೊಂಡು. "ನಾಲ್ಕು ದಿನ ಮುಂಜಾನೆ ಹಿಮದಲ್ಲಿ ನಿಂತೆ. ಐದನೇ ದಿನ ದೇವರು ಕೊಟ್ಟ."

ಗಿರಿಜಾ, ನಾನು ಕೈಯಲ್ಲಿದ್ದ ಕಾಫಿ ಲೋಟವನ್ನು ಕಿಟಕಿಯ ಮೇಲೆ ಇಟ್ಟೆ. ದೇವರು ಕೊಟ್ಟದ್ದಲ್ಲ ಅದು. ನಮ್ಮಪ್ಪ ಕೊಟ್ಟದ್ದು!

ಅಪ್ಪ ಶಿವಲಿಂಗಯ್ಯನವರು ಕಂಪನಿಗೆ ಪರದೆ ಬರೆಯುತ್ತಿದ್ದ ಕಾಲದಲ್ಲಿ ಊರೂರಿಗೆ ಕರೆಂಟು ಎಲ್ಲಿತ್ತು? ರಂಗದ ಅಂಚಿನಲ್ಲಿ ನೆಲದ ಮೇಲೆ ಸಾಲಾಗಿ ಪೆಟ್ರೋಮ್ಯಾಕ್ಸ್ ಇಡುತ್ತಿದ್ದರು. ಬೆಳಕು ಕೆಳಗಿನಿಂದ ಮೇಲಕ್ಕೆ ಬೀಳುತ್ತಿತ್ತು. ಹಾಗಾಗಿ ಅಪ್ಪ ಬರೆದ ಅರಮನೆಗೂ, ಕಾಡಿಗೂ, ಬೆಟ್ಟಕ್ಕೂ ಹೊಳಪು ಅಡಿಯಲ್ಲಿ, ನೆರಳು ಮೇಲೆ. ಕೆಳಗಿನ ಹಿಮಕ್ಕೆ ಹಳದಿ ಹಚ್ಚುತ್ತಿದ್ದರು, ದೀಪದ ಬಣ್ಣಕ್ಕೆ ಕೂಡಿಕೊಳ್ಳಲಿ ಎಂದು. ಬೆಟ್ಟವನ್ನು ಅವರು ಕಣ್ಣಾರೆ ಕಂಡವರಲ್ಲ. ಕ್ಯಾಲೆಂಡರ್ ನೋಡಿ ಬರೆದರು, ಬೆಳಕನ್ನು ಮಾತ್ರ ಕಂಪನಿಯಿಂದ ತಂದರು.

ಇನ್ನು ಆ ಜಲಪಾತ. ಅಷ್ಟು ಅಗಲದ ಬಟ್ಟೆ ಎಲ್ಲೂ ಸಿಗುವುದಿಲ್ಲ; ಎರಡು ತುಂಡು ಸೇರಿಸಿ ನಡುವೆ ಹೊಲಿಯಬೇಕು. ಹೊಲಿಗೆ ಸಭೆಗೆ ಕಾಣಬಾರದು. ಪರದೆ ಬರೆಯುವವರು ಅದರ ಮೇಲೆ ಒಂದು ಮರದ ಕಾಂಡವನ್ನೋ ಕಂಬವನ್ನೋ ಬರೆದು ಮುಚ್ಚುತ್ತಿದ್ದರು. ಬೆಟ್ಟದ ನೆತ್ತಿಯಲ್ಲಿ ಕಂಬ ಎಲ್ಲಿಂದ ಬರಬೇಕು? ಅಪ್ಪ ನೀರು ಬಿಟ್ಟರು. ಚಿಕ್ಕವನಿದ್ದಾಗ ನಾನು ಕೇಳಿದ್ದೆ, "ಅಪ್ಪ, ತುದಿಯಿಂದ ನೀರು ಹೆಂಗೆ ಬೀಳುತ್ತೆ? ಮೇಲೆ ಕೆರೆ ಐತಾ?" ಅಪ್ಪ ಕುಂಚ ತೊಳೆಯುತ್ತಾ, "ನೆತ್ತಿ ಮೇಲಿಂದ ನೀರು ಬಿದ್ರೆ ಅದು ಶಿವ ಅಂತ ತಿಳ್ಕೋ, ಸುಮ್ನೆ ಕೈ ಮುಗಿ" ಅಂದಿದ್ದರು.

ಕಂಪನಿ ಮುಚ್ಚಿದ ಮೇಲೆ ಅಪ್ಪನಿಗೆ ಸಂಬಳ ಬರಲಿಲ್ಲ, ಪರದೆ ಬಂತು. ಬಿದಿರಿಗೆ ಸುತ್ತಿ ಹೆಗಲ ಮೇಲೆ ಹೊತ್ತು ಚಾಮರಾಜಪೇಟೆಗೆ ತಂದು, ಆ ಒಂದು ಬೆಟ್ಟವನ್ನು ನಂಬಿ ಈ ಸ್ಟುಡಿಯೋ ತೆರೆದರು. ಪೇಟೆಯ ಅರ್ಧ ಮದುವೆಗಳು ಆ ಹಿಮದ ಮುಂದೆಯೇ ಬೆವರಿದವು. ಮದುವೆಯಾದ ವಾರ ನೀನೂ ಅಲ್ಲೇ ನಿಂತೆ, ಹತ್ತೊಂಬತ್ತರ ಹುಡುಗಿ. ನಾನು ಬೆಟ್ಟಕ್ಕೆ ಬೆನ್ನು ಮಾಡಿ ನಿನ್ನ ಪಕ್ಕ. "ನಿಜವಾದ್ದನ್ನ ಯಾವಾಗ ತೋರಿಸ್ತೀರಿ?" ಎಂದು ನೀನು ಕೇಳಿದ ಗಳಿಗೆಯಲ್ಲೇ ಅಪ್ಪ ಬಟನ್ ಒತ್ತಿದರು. ನಿನ್ನ ಬಾಯಿ ಅರ್ಧ ತೆರೆದಿರುವ ಆ ಫೋಟೋ ಇಲ್ಲೇ ಗೋಡೆಯ ಮೇಲಿದೆ. ಒರೆಸುತ್ತಿರುತ್ತೇನೆ.

ಆ ಪರದೆ ವಾದಿರಾಜನ ಕೈಗೆ ಹೇಗೆ ಹೋಯಿತು? ಸಭಿಕರು ಕೇಳುವ ಪ್ರಶ್ನೆ ನ್ಯಾಯವಾದದ್ದೇ. ಸದ್ಯಕ್ಕೆ ಅದು ಸೈಡ್ ವಿಂಗಿನಲ್ಲಿ ನಿಂತಿರಲಿ. ಕರೆದಾಗ ಬರುತ್ತದೆ.

ಭಾನುವಾರ ನಾನು ಗಂಟಲು ಸರಿಮಾಡಿಕೊಂಡೆ. ಕಂಪನಿಯ ಗಂಟಲು! ಮೈಕ್ ಬೇಕಿರಲಿಲ್ಲ. "ನಿಲ್ಲಿಸು, ಮೋಸಗಾರ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ವಾದಿರಾಜ ನನ್ನನ್ನು ನೋಡಿದ. ನಗುತ್ತಲೇ ಬಂದು ಭುಜದ ಮೇಲೆ ಕೈಹಾಕಿ ಕಿವಿಯಲ್ಲಿ ಒಂದು ಮಾತು ಹೇಳಿದ. ನಾನು ಬಾಯಿ ಮುಚ್ಚಿದೆ. ಉಪ್ಪಿಟ್ಟನ್ನೂ ತಿನ್ನದೆ ಮೆಟ್ರೋ ಹತ್ತಿದೆ. ಅವನು ಹೇಳಿದ ಮಾತೂ ಸೈಡ್ ವಿಂಗಿನಲ್ಲೇ ಇರಲಿ.

ಮೆಟ್ರೋದಲ್ಲಿ ಕುಳಿತಾಗಲೇ ಠೇವಣಿಯ ಹಣಕ್ಕೆ ಒಂದು ಕೆಲಸ ಹುಟ್ಟಿತು. ಆ ಹಣದಲ್ಲಿ ಹೊಸ ಕ್ಯಾಮೆರಾ! ಎಷ್ಟು ದಿನದಿಂದ ಕಣ್ಣಿಟ್ಟಿದ್ದೇನೆ ನಿನಗೆ ಗೊತ್ತಲ್ಲ. ಈಗ ಅದಕ್ಕೆ ಧರ್ಮವೂ ಸೇರಿಕೊಂಡಿತು. ಅದರಲ್ಲಿ ವಾದಿರಾಜನ ಫೋಟೋವನ್ನೇ ಮತ್ತೆ ಫೋಟೋ ತೆಗೆದು ಹಿಗ್ಗಿಸಿದರೆ, ಬೆಟ್ಟದೊಳಗಿನ ಬಟ್ಟೆಯ ಎಳೆ ಎಳೆ ಎಣಿಸಬಹುದು. ಎಳೆಗಳನ್ನು ಗೋಡೆಯಷ್ಟು ದೊಡ್ಡದಾಗಿ ಮುದ್ರಿಸಿ ಅವನ ಎದುರು ತೂಗುಹಾಕಬಹುದು! ಸೋಮವಾರ ಬೆಳಿಗ್ಗೆಯೇ ಅಂಗಡಿಗೆ ಹೋದೆ. ಕ್ಯಾಮೆರಾ ಕೈಯಲ್ಲಿ ಹಿಡಿದೆ. ಏನು ಭಾರ, ಏನು ಹಿಡಿತ! ಅಂಗಡಿಯಾತ ಎಲ್ಲ ಕೇಳಿಸಿಕೊಂಡು ತಲೆ ಕೆರೆದುಕೊಂಡ. "ಸಾರ್, ಪ್ರಿಂಟ್‌ನಲ್ಲೇ ಬ್ಲರ್ ಆಗಿರೋದನ್ನ ಈ ಕ್ಯಾಮೆರಾ ಎಲ್ಲಿಂದ ತರುತ್ತೆ? ಬ್ಲರ್‌ನ ಚೆನ್ನಾಗಿ ತೋರಿಸುತ್ತೆ ಅಷ್ಟೇ."

ಕೆಳಗಿಟ್ಟೆ. ಕೆಳಗಿಡಲು ಸ್ವಲ್ಪ ಹೊತ್ತು ಹಿಡಿಯಿತು.

ಎರಡನೇ ಅಂಕ! ಮಂಗಳವಾರ. ಕ್ಯಾಮೆರಾ ಬೇಡ, ಪ್ರಯಾಣವೇ ಸರಿ ಎಂದು ನಿರ್ಧರಿಸಿದೆ. ಅದೇ ಹಣದಲ್ಲಿ ವಿಮಾನ ಹತ್ತಿ, ಬೇಸಿಗೆಗೆ ದೇವಸ್ಥಾನದ ಬಾಗಿಲು ತೆರೆದ ಮೊದಲ ವಾರ ಕೇದಾರಕ್ಕೆ ಹೋಗಿ, ಹಾದಿಯ ಮೇಲಿನ ಒಂದೊಂದು ತಿರುವಿನಲ್ಲೂ ನಿಂತು ನಿಜವಾದ ಬೆಟ್ಟವನ್ನು ಹಿಡಿದು ತರುತ್ತೇನೆ. ಅವನ ಫೋಟೋದ ಪಕ್ಕದಲ್ಲಿ ನನ್ನ ನೂರು ಫೋಟೋ! ಹೇಳಿ ಮಹಾಜನಗಳೇ, ಯಾವ ತಿರುವಿನಲ್ಲಿದೆ ಇವನ ಬೆಟ್ಟ? ಯಾವ ನೆತ್ತಿಯಿಂದ ಬಿದ್ದಿದೆ ಇವನ ನೀರು? ಈ ಮಾತನ್ನು ಕನ್ನಡಿಯ ಮುಂದೆ ಎರಡು ಸಲ ಅಭ್ಯಾಸವನ್ನೂ ಮಾಡಿದೆ. ಮೇಲಿನ ಮನೆಯ ಭಾಗೀರಥಮ್ಮ ಕಿಟಕಿಯಿಂದ "ಯಾರಾದ್ರೂ ಬಂದಿದಾರಾ ಆರಾಧ್ಯ?" ಎಂದರು.

ಟಿಕೆಟ್ ನೋಡಲು ತನುಶ್ರೀಗೆ ಫೋನ್ ಮಾಡಿದೆ.

"ಎರಡಾ ಅಪ್ಪ?" ಎಂದಳು.

"ಒಂದು," ಎಂದೆ.

"ಅಮ್ಮಂಗೆ?"

"ಅಮ್ಮನಿಗೆ ಹಿಮ್ಮಡಿ ನೋವಲ್ಲವೇ? ಅವಳು ಅಷ್ಟು ದೂರ ಎಲ್ಲಿ ನಡೀತಾಳೆ."

ಅವಳು "ನೋಡಿ ಹೇಳ್ತೀನಿ" ಎಂದು ಇಟ್ಟಳು. ಹಾಗೆ ಎರಡೇ ಮಾತಿನಲ್ಲಿ ಮುಗಿಸುವ ಚಾಳಿ ನಿನ್ನದೇ. ನಿನ್ನಿಂದಲೇ ಕಲಿತಿದ್ದಾಳೆ.

ಮೂರು ಸಲ ನಾವು ಹೊರಟದ್ದು ನನಗೆ ನೆನಪಿಲ್ಲ ಎಂದುಕೊಳ್ಳಬೇಡ. ಮೊದಲ ಸಲ ಚಿಕ್ಕಪೇಟೆಗೆ ಹೋಗಿ ನೀನು ಕೆಂಪು ಉಣ್ಣೆಯ ಶಾಲು ತಂದೆ. ಯಾತ್ರೆಗೆ ಕೂಡಿಟ್ಟ ಹಣದಲ್ಲಿ ನಾನು ಫ್ಲ್ಯಾಶ್ ಲೈಟು ತಂದೆ. ಮದುವೆ ಸೀಸನ್ ಬಂದಿತ್ತು, ಇಲ್ಲದಿದ್ದರೆ ಆಗುತ್ತಿರಲಿಲ್ಲ ಎಂದೆ. ಎರಡನೇ ಸಲ ರೀಲಿನ ಕಾಲ ಮುಗಿದು ಡಿಜಿಟಲ್ ಬಂದಿತ್ತು. ಮೂರನೇ ಸಲ ಯಾವ ನೆಪವೂ ಇರಲಿಲ್ಲ. ಟ್ರೈಪಾಡ್ ಚೆನ್ನಾಗಿತ್ತು, ತಂದೆ. ನೀನು ಅದನ್ನು ಮೂಲೆಯಲ್ಲಿ ನೋಡಿ ತನುಶ್ರೀಗೆ ಹೇಳಿದ್ದೆ: "ಬಾರೇ, ನನ್ನ ಸವತೀನ ನೋಡು. ನಂಗೆ ಎರಡೇ ಕಾಲು, ಅವಳಿಗೆ ಮೂರು." ನಾವು ಮೂವರೂ ನಕ್ಕೆವು. ನೀನು ನಗುತ್ತಲೇ ಶಾಲನ್ನು ಬಿಚ್ಚದೆ, ನುಸಿಗುಳಿಗೆ ಹಾಕಿ, ಮತ್ತೆ ಟ್ರಂಕಿನ ತಳಕ್ಕೆ ಇಟ್ಟೆ.

ಮೂರನೇ ಅಂಕ. ಬುಧವಾರ. ಇಲ್ಲಿಗೆ ಬರುವ ಹೊತ್ತಿಗೆ ಹಾರ್ಮೋನಿಯಂ ನಿಲ್ಲಬೇಕು.

ಹೋಗಿ ಹುಡುಕುವ ಮುನ್ನ ಆ ಫೋಟೋವನ್ನು ಸರಿಯಾಗಿ ನೋಡಿಕೊಂಡು ಬರೋಣವೆಂದು ಮತ್ತೆ ಮಲ್ಲೇಶ್ವರಕ್ಕೆ ಹೋದೆ. ಮಧ್ಯಾಹ್ನ, ಜನ ಇರಲಿಲ್ಲ. ಭಾನುವಾರ ಬೆಟ್ಟವನ್ನು ಕಂಡ ಸಿಟ್ಟಿನಲ್ಲಿ ಹೆಂಗಸನ್ನು ಗಮನವಿಟ್ಟು ನೋಡಿರಲಿಲ್ಲ. ಬುಧವಾರ ನೋಡಿದೆ.

ಕೆಂಪು ಶಾಲು. ಬೆನ್ನಿನ ಮೇಲೆ ನೇರವಾಗಿ ಎರಡು ಗೆರೆ, ಅಡ್ಡಕ್ಕೆ ಒಂದು. ಅಂಗಡಿಯವನು ಮಡಿಸಿಕೊಟ್ಟ ಮಡಿಕೆ! ಹದಿನಾರು ಕಿಲೋಮೀಟರು ಗಾಳಿ ಮಳೆಯಲ್ಲಿ ನಡೆದು ಬಂದಳೆಂದು ವಾದಿರಾಜ ಹೇಳುತ್ತಿದ್ದ ಯಾತ್ರಿಕಳ ಶಾಲು ಜನ್ಮದಲ್ಲಿ ಒಂದು ಸಲವೂ ಹೊದ್ದದ್ದಲ್ಲ. ಮೈಭಾರವೆಲ್ಲ ಎಡಗಾಲಿನ ಮೇಲೆ. ಬಲಗಾಲಿನ ಹಿಮ್ಮಡಿ ನೆಲಕ್ಕೆ ತಾಗದಂತೆ ಸ್ವಲ್ಪ ಎತ್ತಿದೆ. ಹಾಲು ಉಕ್ಕುವುದನ್ನು ಕಾಯುತ್ತಾ ಒಲೆಯ ಮುಂದೆ ಹಾಗೆ ನಿಲ್ಲುವವಳನ್ನು ನಾನು ಎಷ್ಟು ವರ್ಷ ಹಿಂದಿನಿಂದ ನೋಡಿದ್ದೇನೆ!

ನೀನು, ಗಿರಿಜಾ.

ಸೆಕ್ಯೂರಿಟಿಯವನು ಕುರ್ಚಿ ತಂದು ಕೊಟ್ಟ. ನನಗೆ ಮೊದಲು ಬಂದದ್ದು ದುಃಖವಲ್ಲ. ಕೋಪ, ಕುದಿಯುವ ಕೋಪ. ನನ್ನ ಅಪ್ಪನ ಬೆಟ್ಟ, ನನ್ನ ಹೆಂಡತಿ, ಅವನ ಹೆಸರು! ಆ ಕೋಪದಲ್ಲಿ ನಿನ್ನ ಪಾಲೂ ಇತ್ತು, ಮುಚ್ಚಿಡುವುದಿಲ್ಲ. ತುಂಬಿದ ಸಭೆಯಲ್ಲಿ "ಈ ಯಾತ್ರಿಕಳು ಕೇದಾರಕ್ಕೂ ಹೋಗಿಲ್ಲ, ಮೆಜೆಸ್ಟಿಕ್ ದಾಟಿಲ್ಲ, ಇವಳು ನನ್ನ ಧರ್ಮಪತ್ನಿ" ಎಂದು ನಿನ್ನ ಹೆಸರು ಕೂಗಬೇಕೆಂದು ಅಲ್ಲೇ ನಿಶ್ಚಯಿಸಿದೆ. ವಾದಿರಾಜ ನಿನಗೆ ಏನು ಹೇಳಿ ನಿಲ್ಲಿಸಿದನೋ ಗೊತ್ತಿಲ್ಲ. "ಗಿರಿಜಕ್ಕ, ಸುಮ್ನೆ ಒಂದು ಪಟ, ನಿಮ್ ಮುಖ ಕಾಣಲ್ಲ" ಅಂದಿರಬಹುದು. ಅದು ಬಹುಮಾನಕ್ಕೆ ಹೋಗುತ್ತದೆಂದು ನಿನಗೆ ಹೇಳಿರಲಾರ. ಅವನು ಹಾಗೆಲ್ಲ ಹೇಳುವವನಲ್ಲ.

ಕುರ್ಚಿಯ ಮೇಲೆ ಒಂದು ಗಂಟೆ ಕುಳಿತೆ. ನೋಡುತ್ತಾ ನೋಡುತ್ತಾ ಒಂದು ವಿಷಯ ಕಾಣಿಸಿತು. ನಮ್ಮ ಮದುವೆಯ ಫೋಟೋದಲ್ಲಿ ನೀನು ಬೆಟ್ಟಕ್ಕೆ ಬೆನ್ನು ಹಾಕಿ ಕ್ಯಾಮೆರಾ ನೋಡುತ್ತಿದ್ದೀಯ. ಇದರಲ್ಲಿ ಕ್ಯಾಮೆರಾಗೆ ಬೆನ್ನು ಹಾಕಿ ಬೆಟ್ಟ ನೋಡುತ್ತಿದ್ದೀಯ. ಬಟ್ಟೆಯ ಬೆಟ್ಟ ಎಂದು ಗೊತ್ತಿದ್ದೂ, ಟ್ರಂಕಿನ ತಳದಿಂದ ಶಾಲು ತೆಗೆದು, ಹೊದ್ದುಕೊಂಡು ಹೋಗಿ ನೋಡಿದ್ದೀಯ. ಫೋಟೋ ಮೋಸ, ಗಿರಿಜಾ, ಆದರೆ ಆ ಬೆನ್ನು ಮೋಸವಲ್ಲ. ಬಹುಮಾನ ಬಂದದ್ದು ಆ ಬೆನ್ನಿಗೆ. ಇಷ್ಟು ವರ್ಷ ನಿನ್ನನ್ನು ಹಾಗೆ ಕಂಡದ್ದು ನಾನಲ್ಲ, ಆ ದ್ರೋಹಿ. ಇದಕ್ಕಾಗಿ ಅವನನ್ನು ಎರಡು ಪಟ್ಟು ದ್ವೇಷಿಸುತ್ತೇನೆ!

ಒಂದು ಟಿಕೆಟ್ ಎಂದು ತನುಶ್ರೀಗೆ ಹೇಳಿದ್ದು ಆಗ ಕಿವಿಗೆ ಬಿತ್ತು. ನನ್ನ ಸೇಡಿನಲ್ಲೂ ನಿನಗೆ ಸೀಟು ಇರಲಿಲ್ಲ.

ನಿನ್ನ ಹೆಸರನ್ನು ಯಾವ ಸಭೆಯಲ್ಲೂ ಎತ್ತುವುದಿಲ್ಲ. ಆ ಹೆಂಗಸು ಯಾರೆಂದು ಯಾರು ಕೇಳಿದರೂ ಗೊತ್ತಿಲ್ಲ ಎನ್ನುತ್ತೇನೆ. ಆದರೆ ವಾದಿರಾಜನನ್ನು ಬಿಡುವುದಿಲ್ಲ! ಅವನು ನಾಲ್ಕು ದಿನ ಹಿಮದಲ್ಲಿ ಕಾದ ಬೆಳಕು ನಮ್ಮ ಅಟ್ಟದ ಮೇಲಿದೆ. ಗುರುವಾರ ಅಟ್ಟ ಹತ್ತಿ ಅಪ್ಪನ ಪೆಟ್ರೋಮ್ಯಾಕ್ಸ್ ಕೆಳಗಿಳಿಸಿದೆ. ತೊಳೆದೆ, ಹುಣಸೆಹಣ್ಣು ಹಾಕಿ ಉಜ್ಜಿದೆ. ಈ ಊರಿನಲ್ಲಿ ಈಗ ಸೀಮೆಎಣ್ಣೆ ಹುಡುಕುವುದಕ್ಕಿಂತ ಅಮೃತ ಹುಡುಕುವುದು ಸುಲಭ. ನಮ್ಮ ಹಳೆಯ ಗಿರಾಕಿ, ಸ್ಟವ್ ರಿಪೇರಿಯ ದಾಸಪ್ಪ ಅರ್ಧ ಬಾಟಲಿ ಕೊಟ್ಟು, "ಏನ್ ಸ್ವಾಮಿ, ಮತ್ತೆ ಕಂಪನಿ ಕಟ್ತಾ ಇದೀರಾ?" ಎಂದ. "ಒಂದೇ ಆಟ ದಾಸಪ್ಪ, ಟಿಕೆಟ್ ಫ್ರೀ" ಎಂದೆ. ನಿನ್ನೆ ಸಂಜೆ ಹಚ್ಚಿ ನೋಡಿದೆ. ಮೊದಲು ಕೆಮ್ಮಿತು, ಆಮೇಲೆ ಹಿಸ್ ಎಂದು ಉರಿಯಿತು. ಖಾಲಿ ಗೋಡೆಯ ಮೇಲೆ ಕೆಳಗಿನಿಂದ ಬೆಳಕು ಹತ್ತಿತು, ಅವನ ಫೋಟೋದಲ್ಲಿರುವ ಅದೇ ಹಳದಿ. ನಾನು ಹನ್ನೊಂದು ವರ್ಷದವನಾಗಿ ಸ್ವಲ್ಪ ಹೊತ್ತು ಕುಳಿತಿದ್ದೆ.

ಈಗ ಫಾರಂನ ವಿಷಯ. ನನ್ನ ಸಹಿ ಹಾಕಿದ್ದೇನೆ. ಹಣ ಯಾವ ಖಾತೆಗೆ ಎಂಬಲ್ಲಿ ನಿನ್ನ ಒಬ್ಬಳ ಖಾತೆಯ ನಂಬರು ಬರೆಸಿದ್ದೇನೆ. ತನುಶ್ರೀ ಎರಡು ಸಲ ನೋಡಿ, ಮೂರನೇ ಸಲ ನನ್ನ ಮುಖ ನೋಡಿದಳು. ಕ್ಯಾಮೆರಾ ಬೇಡ. ಆಸೆ ಸತ್ತಿದೆ ಎಂದು ಹೇಳಿದರೆ ನೀನು ನಂಬುವುದಿಲ್ಲ, ಆಸೆ ಗುಂಡುಕಲ್ಲಿನ ಹಾಗಿದೆ. ಆದರೂ ಬೇಡ. ನೀನು ಕೇದಾರಕ್ಕೆ ಹೋಗಿ ಬಾ. ನಡೆಯಬೇಡ, ಹೆಲಿಕಾಪ್ಟರ್ ಇದೆಯಂತೆ. ಒಬ್ಬಳೇ ಹೋದರೂ ಸರಿ, ತನುಶ್ರೀ ಜೊತೆಗೆ ಹೋದರೂ ಸರಿ. ನನ್ನನ್ನು ಕರೆದರೆ ಸವತಿಯನ್ನು ಇಲ್ಲೇ ಮೂಲೆಯಲ್ಲಿ ನಿಲ್ಲಿಸಿ ಬರಿಗೈಯಲ್ಲಿ ಬರುತ್ತೇನೆ, ಚೀಲ ಹೊರುವುದಕ್ಕೆ. ಕರೆಯದಿದ್ದರೆ ನನಗಾಗಿ ಒಂದು ಕೆಲಸ ಮಾಡು. ನಿಜವಾದ ಬೆಟ್ಟದ ಮೇಲೆ ಬೆಳಕು ಎಲ್ಲಿಂದ ಬೀಳುತ್ತದೆ, ನೋಡಿ ಬಂದು ಹೇಳು. ಅಪ್ಪನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿಲ್ಲ.

ಇಂತಿ ನಿನ್ನ,
ಪರದೆ ಬರೆದ ಶಿವಲಿಂಗಯ್ಯನವರ ಮಗ,
ವಿಶ್ವಾರಾಧ್ಯ

ತಾ.ಕ.: ತನುಶ್ರೀ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ಸೈಡ್ ವಿಂಗಿನಲ್ಲಿ ನಿಲ್ಲಿಸಿದ್ದವರನ್ನು ಕರೆಯದೆ ಆಟ ಮುಗಿಸುವ ಹಾಗಿಲ್ಲ.

ವಾದಿರಾಜ ಕಿವಿಯಲ್ಲಿ ಹೇಳಿದ್ದು ಇಷ್ಟು: "ಕೂಗು ಆರಾಧ್ಯ, ಕೂಗು. ನೀನು ಬರ್ಕೊಟ್ಟ ಚೀಟಿ ನನ್ನ ಹತ್ರ ಇದೆ. ಅಪ್ಪನ ಪರದೆ ಮಾರ್ಕೊಂಡೋನು ಅಂತ ಎಲ್ರಿಗೂ ಓದಿ ಹೇಳ್ತೀನಿ." ಹೌದು. ಪರದೆಯನ್ನು ಅವನಿಗೆ ಮಾರಿದವನು ನಾನು. ದೊಡ್ಡ ಮಳೆಯ ವರ್ಷ ಸೂರು ಸೋರಿ ಅದು ಕೊಳೆತುಹೋಯಿತು, ಕಸದ ಗಾಡಿಗೆ ಹಾಕಿದೆ ಎಂದು ನಿನಗೆ ಹೇಳಿದ್ದು ಸುಳ್ಳು. ಸೂರು ಸೋರಲೇ ಇಲ್ಲ. ಆ ತಿಂಗಳು ಬಂದ ಲೆನ್ಸನ್ನು ಹಳೆಯ ಗಿರಾಕಿಯೊಬ್ಬರು ಪ್ರೀತಿಯಿಂದ ಕೊಟ್ಟರು ಎಂದೆನಲ್ಲ, ಅದು ನಮ್ಮಪ್ಪನ ಬೆಟ್ಟದ ಬೆಲೆ. ಭಾನುವಾರ ನಾನು ಬಾಯಿ ಮುಚ್ಚಿದ್ದು ಮಲ್ಲೇಶ್ವರಕ್ಕೆ ಹೆದರಿ ಅಲ್ಲ. ಸುದ್ದಿ ನಿನಗೆ ಮುಟ್ಟುತ್ತದೆಂದು.

ಬುಧವಾರ ಆ ಕುರ್ಚಿಯಲ್ಲಿ ಕುಳಿತಾಗ ಲೆಕ್ಕ ಕೂಡಿತು. ಚೀಟಿಯ ಪ್ರಕಾರ ಫೋಟೋ ಮೇ ತಿಂಗಳದ್ದು. ನೀನು ಮನೆ ಬಿಟ್ಟದ್ದು ಜೂನ್ ಮೊದಲ ವಾರ. ಬಿಡುವ ಹಿಂದಿನ ದಿನ ನೀನು ಅಡುಗೆಮನೆಯಿಂದ ಕೇಳಿದ್ದೆ, "ರೀ, ಮಾವನೋರ ಪರದೆ ಏನಾಯ್ತು ಅಂದ್ರಿ ಆವತ್ತು?" ನ್ಯೂಸ್ ಪೇಪರ್ ಕೆಳಗಿಟ್ಟು ನಾನು ಎದ್ದು ನಿಂತು ಆ ಮಳೆಯನ್ನೆಲ್ಲ ಮತ್ತೆ ಸುರಿಸಿದೆ. ಹನಿ ಹನಿಯಾಗಿ ಬಣ್ಣ ಕರಗಿದ್ದನ್ನು ಹೇಳುವಾಗ ನನಗೇ ಅಳು ಬಂತು. ನೀನು ಕೊನೆಯವರೆಗೆ ಕೇಳಿ, ಒಂದು ಲೋಟ ನೀರು ತಂದುಕೊಟ್ಟೆ. ಆಗ ನೀನು ಆ ಪರದೆಯ ಮುಂದೆ ನಿಂತು ಬಂದು ತಿಂಗಳೊಪ್ಪತ್ತೂ ಆಗಿರಲಿಲ್ಲ. ನೀನು ಕೊಟ್ಟದ್ದು ಅವಕಾಶ. ನಾನು ಆಡಿದ್ದು ನಾಟಕ. ಮಾರನೆಯ ದಿನ ನೀನು ಟ್ರಂಕು ತೆಗೆದುಕೊಂಡು ಹೊರಟಾಗ, ಟ್ರೈಪಾಡಿನ ಸಿಟ್ಟು ಇನ್ನೂ ಇಳಿದಿಲ್ಲವೆಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಈಗ ನಿನಗೆ ನನ್ನ ಬಾಯಿಂದಲೇ ತಿಳಿಯಿತು. ವಾದಿರಾಜನ ಬತ್ತಳಿಕೆಯಲ್ಲಿ ಇನ್ನು ಬಾಣವಿಲ್ಲ! ನಾಳೆ ಪ್ರದರ್ಶನದ ಕೊನೆಯ ದಿನ. ಹತ್ತೂವರೆಗೆ ಅವನಿಗೆ ಪೇಟ ತೊಡಿಸುವ ಸಮಾರಂಭ. ಮೆಟ್ರೋದಲ್ಲಿ ಸೀಮೆಎಣ್ಣೆ ಬಿಡುವುದಿಲ್ಲ, ಆದ್ದರಿಂದ ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಆಟೋ ಹಿಡಿಯುತ್ತೇನೆ. ಪೆಟ್ರೋಮ್ಯಾಕ್ಸನ್ನು ತೊಡೆಯ ಮೇಲೆ ಇಟ್ಟುಕೊಂಡು ಮಲ್ಲೇಶ್ವರಕ್ಕೆ ಹೋಗುತ್ತೇನೆ. ಪೇಟ ಅವನ ತಲೆಯ ಮೇಲೆ ಕೂರುವ ಗಳಿಗೆಗೆ ದೀಪ ಹಚ್ಚುತ್ತೇನೆ. ಮೊದಲು ನನ್ನ ಮುಖಕ್ಕೆ ಹಿಡಿದು, ಅಪ್ಪನ ಬೆಟ್ಟವನ್ನು ಮಾರಿಕೊಂಡವನು ನಾನೇ ಎಂದು ಹೇಳುತ್ತೇನೆ. ಆಮೇಲೆ ಅದನ್ನು ಅವನ ಫೋಟೋದ ಕೆಳಗೆ, ನೆಲದ ಮೇಲೆ, ನಿಧಾನವಾಗಿ ಇಡುತ್ತೇನೆ.